ಬರಕ್ಕೆ ಎಲೆ ಉದುರಿಸಿದ ಹೊಂಗೆ ಸತ್ತಿದೆಯೇ? ಎಣ್ಣೆಬೀಜದ ಮರಗಳು ನೀರಿನ ಕೊರತೆಯನ್ನು ತಾಳುವ ಬಗೆ

ಪ್ರಶ್ನೆ: ಮಳೆಯಾಶ್ರಿತ ಜಮೀನಿನಲ್ಲಿ ಮೂರು ವರ್ಷದ ಹಿಂದೆ ಹೊಂಗೆ ಸಸಿಗಳನ್ನು ನೆಟ್ಟಿದ್ದೇನೆ. ಬದುವಿನ ಮೇಲೆ ಹಳೆಯ ಹೊಂಗೆ, ಬೇವು ಮತ್ತು ಹಿಪ್ಪೆ ಮರಗಳೂ ಇವೆ. ಈ ವರ್ಷ ಮಳೆ ಕೈಕೊಟ್ಟ ಮೇಲೆ ಎಳೆಯ ಗಿಡಗಳಲ್ಲಿ ಅನೇಕವು ಎಲೆ ಉದುರಿಸಿ ಬರಿ ಕೊಂಬೆಗಳಾಗಿ ನಿಂತಿವೆ. ಅವು ಸತ್ತಿವೆಯೇ? ಹಳೆಯ ಮರಗಳು ಹಸಿರಾಗಿಯೇ ಇದ್ದರೂ ಬೀಜ ಬಹಳ ಕಡಿಮೆ, ಬಂದದ್ದರಲ್ಲೂ ಜೊಳ್ಳೇ ಹೆಚ್ಚು. ಬರ ತಡೆಯುತ್ತವೆಂದೇ ಆರಿಸಿಕೊಂಡ ಮರಗಳಲ್ಲಿ ಹೀಗೇಕಾಗುತ್ತದೆ? ಈಗ ನೀರು ಕೊಡಬೇಕೇ?

ಉತ್ತರ: ಎಲೆ ಉದುರಿತು ಎಂಬ ಒಂದೇ ಕಾರಣಕ್ಕೆ ಆ ಗಿಡಗಳನ್ನು ದಯವಿಟ್ಟು ಕಿತ್ತುಹಾಕಬೇಡಿ. ನೀರಿನ ಅಭಾವವನ್ನು ಹೊಂಗೆ ಎದುರಿಸುವ ಮುಖ್ಯ ವಿಧಾನಗಳಲ್ಲಿ ಎಲೆ ಕಳಚಿಕೊಳ್ಳುವುದೂ ಒಂದು. ಬೇರು ಇನ್ನೂ ಸಾಕಷ್ಟು ಆಳಕ್ಕೆ ಇಳಿಯದ ಮೂರು ವರ್ಷದ ಗಿಡಕ್ಕೆ ಅದಕ್ಕಿಂತ ಒಳ್ಳೆಯ ದಾರಿ ಬೇರೆ ಇರುವುದಿಲ್ಲ. ಗಿಡ ಬದುಕಿದೆಯೋ ಇಲ್ಲವೋ ಎಂಬುದನ್ನು ಕೊಂಬೆಯ ತೊಗಟೆ ಹೇಳುತ್ತದೆ. ತುದಿಯ ಒಂದು ಕಡ್ಡಿಯ ಮೇಲೆ ಉಗುರಿನಿಂದ ಮೆಲ್ಲಗೆ ಕೆರೆಯಿರಿ. ತೊಗಟೆಯ ಅಡಿಯಲ್ಲಿ ಹಸಿರು ಪದರ ಕಂಡು ಬೆರಳಿಗೆ ತೇವ ತಾಕಿದರೆ ಆ ಭಾಗ ಜೀವಂತವಾಗಿದೆ. ಕಂದುಗಟ್ಟಿ ಪುಡಿಯಾಗಿ ಉದುರಿದರೆ ಆ ಕಡ್ಡಿ ಒಣಗಿದೆ. ಆಗ ಒಂದು ಗೇಣು ಕೆಳಗೆ ಬಂದು ಮತ್ತೆ ಕೆರೆಯಿರಿ, ಅಲ್ಲಿಯೂ ಹಾಗೆಯೇ ಇದ್ದರೆ ಇನ್ನೂ ಕೆಳಗೆ, ಬುಡದವರೆಗೂ ನೋಡಿ. ಒಣಗುವಿಕೆ ಸಾಮಾನ್ಯವಾಗಿ ತುದಿಯಿಂದ ಬುಡದ ಕಡೆಗೆ ಸಾಗುತ್ತದೆ. ಬುಡದಲ್ಲಿ ಮಾತ್ರ ಹಸಿರು ಉಳಿದಿದ್ದರೂ ಆಸೆ ಬಿಡಬೇಕಾಗಿಲ್ಲ, ಏಕೆಂದರೆ ಹೊಂಗೆ ಬುಡದಿಂದಲೂ, ಕೆಲವೊಮ್ಮೆ ಬೇರಿನಿಂದಲೂ ಮರುಚಿಗುರುವ ಮರ.

ಎಲೆ ಹೇಗೆ ಉದುರಿತು ಎಂಬುದನ್ನೂ ಗಮನಿಸಿ. ಎಲೆಗಳು ಮೊದಲು ಹಳದಿಯಾಗಿ, ಆಮೇಲೆ ತೊಟ್ಟಿನ ಬುಡದಲ್ಲಿ ನಯವಾಗಿ ಕಳಚಿ ನೆಲಕ್ಕೆ ಬಿದ್ದಿದ್ದರೆ ಅದು ಗಿಡವೇ ನಡೆಸಿದ ಕೆಲಸ: ಎಲೆಯಲ್ಲಿದ್ದ ಸಾರಜನಕ, ರಂಜಕ, ಪೊಟ್ಯಾಸಿಯಂಗಳ ಬಹುಪಾಲನ್ನು ಕೊಂಬೆಗೆ ಹಿಂತೆಗೆದುಕೊಂಡು, ತೊಟ್ಟಿನ ಬಳಿ ಬೇರ್ಪಡಿಕೆಯ ಪದರ ಕಟ್ಟಿ, ಗಾಯವನ್ನು ಮುಚ್ಚಿಯೇ ಅದು ಎಲೆಯನ್ನು ಬಿಟ್ಟಿದೆ. ಎಲೆಗಳು ಕಂದಾಗಿ ಸುರುಟಿ ಕೊಂಬೆಗೇ ಅಂಟಿಕೊಂಡು, ಎಳೆದರೂ ಬಾರದಂತಿದ್ದರೆ ಮಾತ್ರ ಚಿಂತಿಸಬೇಕು. ಬೇರ್ಪಡಿಕೆಯ ಪದರ ಕಟ್ಟಲು ಜೀವಂತ ಕೋಶಗಳು ಬೇಕು. ಅದಕ್ಕೂ ಸಮಯ ಸಿಗದಷ್ಟು ಬೇಗ ಆ ಕೊಂಬೆಗೆ ನೀರು ನಿಂತುಹೋಗಿದೆ ಎಂದು ಅಲ್ಲಿ ತಿಳಿಯಬೇಕಾಗುತ್ತದೆ.

ಎಲೆಯನ್ನೇ ಬಿಟ್ಟುಕೊಡುವಷ್ಟು ದೊಡ್ಡ ಅಪಾಯ ಯಾವುದು ಎಂಬುದು ಅರ್ಥವಾಗಬೇಕಾದರೆ ಮರದೊಳಗೆ ನೀರು ಏರುವ ಬಗೆಯನ್ನು ತಿಳಿಯಬೇಕು. ಬೇರು ಕೆಳಗಿನಿಂದ ನೀರನ್ನು ದೂಡುವುದು ಅತಿ ಕಡಿಮೆ. ಬಹುಮಟ್ಟಿಗೆ ಎಲೆಯೇ ಮೇಲಿನಿಂದ ಅದನ್ನು ಎಳೆಯುತ್ತದೆ. 1894ರಲ್ಲಿ ಹೆನ್ರಿ ಡಿಕ್ಸನ್ ಮತ್ತು ಜಾನ್ ಜಾಲಿ ಮಂಡಿಸಿದ ಈ ವಿವರಣೆಯೇ ಇಂದಿಗೂ ಸಸ್ಯವಿಜ್ಞಾನದ ತಳಹದಿಯಾಗಿದೆ. ಎಲೆಯಿಂದ ನೀರು ಆವಿಯಾದಂತೆ ಜಲನಾಳಗಳೊಳಗಿನ ನೀರಿನ ಎಳೆ, ಬಾವಿಯಿಂದ ಕೊಡವನ್ನು ಸೇದುವ ಹಗ್ಗದಂತೆ, ಬಿಗಿಯಾಗಿ ಮೇಲಕ್ಕೆ ಬರುತ್ತದೆ. ಮಣ್ಣು ಒಣಗಿದಷ್ಟೂ ಅದು ನೀರನ್ನು ಗಟ್ಟಿಯಾಗಿ ಹಿಡಿದುಕೊಳ್ಳುವುದರಿಂದ ಬಿಗಿತ ಹೆಚ್ಚುತ್ತದೆ, ಮತ್ತು ಒಂದು ಹಂತ ಮೀರಿದಾಗ ನಾಳದ ಗೋಡೆಯ ಸೂಕ್ಷ್ಮರಂಧ್ರಗಳಿಂದ ಗಾಳಿ ಒಳನುಗ್ಗಿ ಆ ಎಳೆ ತುಂಡಾಗುತ್ತದೆ. ಗಾಳಿ ತುಂಬಿದ ನಾಳ ನೀರನ್ನು ಒಯ್ಯುವುದಿಲ್ಲ. ಇಂಥ ನಾಳಗಳು ಹೆಚ್ಚಿದಂತೆ ಉಳಿದವುಗಳ ಮೇಲಿನ ಹೊರೆ ಏರಿ, ಕೊನೆಗೆ ಕೊಂಬೆ ಕೊಂಬೆಯೇ ಒಣಗುತ್ತದೆ. 2012ರಲ್ಲಿ ಪ್ರಕಟವಾದ, ಜಗತ್ತಿನ ಬೇರೆ ಬೇರೆ ಕಡೆಗಳ 226 ಕಾಡುಮರ ಜಾತಿಗಳ ಅಧ್ಯಯನವೊಂದು ಅವುಗಳಲ್ಲಿ ಸುಮಾರು ಶೇ. 70ರಷ್ಟು ಜಾತಿಗಳು ಈ ಅಪಾಯದ ಅಂಚಿಗೆ ತೀರ ಹತ್ತಿರದಲ್ಲಿಯೇ ಬದುಕುತ್ತಿವೆ ಎಂದು ತೋರಿಸಿತು. ಮಳೆಕಾಡಿನ ಮರಗಳಂತೆ ಒಣಪ್ರದೇಶದ ಮರಗಳೂ ಅದೇ ಅಂಚಿನಲ್ಲಿವೆ ಎಂಬುದು ಅದರಲ್ಲಿ ನನಗೆ ಅತ್ಯಂತ ಮುಖ್ಯವೆನಿಸಿದ ಸಂಗತಿ. ಗಟ್ಟಿ ಮರಗಳೆಂದು ನಾವು ನಂಬಿದವುಗಳಿಗೂ ಮಿತಿಯಿದೆ; ಆ ಮಿತಿಯನ್ನು ತಲುಪುವ ಮೊದಲೇ ಎಚ್ಚೆತ್ತುಕೊಳ್ಳುವುದರಲ್ಲಿ ಅವು ನಿಪುಣವಾಗಿವೆ, ಅಷ್ಟೆ.

ಮೊದಲ ಎಚ್ಚರಿಕೆ ಎಲೆಯ ಪತ್ರರಂಧ್ರಗಳಲ್ಲಿ ಕಾಣಿಸುತ್ತದೆ. ಬೇರು ಹೀರಿದ ನೀರಿನಲ್ಲಿ ಶೇ. 95ಕ್ಕೂ ಹೆಚ್ಚು ಪಾಲು ಎಲೆಗಳ ಮೂಲಕವೇ ಹೊರಗೆ ಹೋಗುತ್ತದೆ, ಅದರಲ್ಲಿಯೂ ಬಹುತೇಕ ಈ ಸೂಕ್ಷ್ಮ ಬಾಯಿಗಳಿಂದ. ನೀರು ಕಡಿಮೆಯಾದಾಗ ಬೇರು ಮತ್ತು ಎಲೆಗಳಲ್ಲಿ ಅಬ್ಸಿಸಿಕ್ ಆಮ್ಲ ಎಂಬ ಹಾರ್ಮೋನು ಹೆಚ್ಚುತ್ತದೆ. ಅದರ ಸಂಕೇತ ಸಿಕ್ಕ ಕೂಡಲೇ ಪತ್ರರಂಧ್ರದ ಎರಡೂ ಬದಿಯ ಕಾವಲು ಕೋಶಗಳು ತಮ್ಮಲ್ಲಿದ್ದ ಪೊಟ್ಯಾಸಿಯಂ ಅನ್ನು ಹೊರಗೆ ಬಿಡುತ್ತವೆ, ಅದರ ಹಿಂದೆಯೇ ನೀರೂ ಹೊರಹೋಗುತ್ತದೆ, ಕೋಶಗಳು ಸಡಿಲಗೊಂಡು ಬಾಯಿ ಮುಚ್ಚಿಕೊಳ್ಳುತ್ತದೆ. ಇದರಿಂದ ನೀರು ಉಳಿಯುತ್ತದೆ ನಿಜ, ಆದರೆ ಅದೇ ಬಾಯಿಯಿಂದ ಒಳಬರಬೇಕಾದ ಇಂಗಾಲದ ಡೈ ಆಕ್ಸೈಡ್ ಕೂಡ ನಿಂತುಹೋಗುತ್ತದೆ, ಎಲೆಯ ಬಿಸಿಯೂ ಏರುತ್ತದೆ. ನಿಮ್ಮ ಹಳೆಯ ಮರಗಳ ಜೊಳ್ಳು ಬೀಜದ ಕಥೆ ಇಲ್ಲಿಂದಲೇ ಶುರುವಾಗುತ್ತದೆ. ಅದಕ್ಕೆ ಮುಂದೆ ಬರುತ್ತೇನೆ.

ಎಲ್ಲ ಎಣ್ಣೆಮರಗಳೂ ಒಂದೇ ರೀತಿಯಲ್ಲಿ ಬರವನ್ನು ಎದುರಿಸುವುದಿಲ್ಲ. ಒಂದು ತುದಿಯಲ್ಲಿ ಜಟ್ರೋಫಾ ಇದೆ. ಅದರ ಮೆದುವಾದ ಕಾಂಡ ನೀರನ್ನು ಕೂಡಿಟ್ಟುಕೊಳ್ಳುತ್ತದೆ. ಮಣ್ಣು ಒಣಗತೊಡಗಿದ ಕೂಡಲೇ ಅದು ಪತ್ರರಂಧ್ರ ಮುಚ್ಚಿ, ಎಲೆ ಉದುರಿಸಿ, ಬೆಳವಣಿಗೆಯನ್ನೇ ನಿಲ್ಲಿಸಿಬಿಡುತ್ತದೆ. ಇನ್ನೊಂದು ತುದಿಯಲ್ಲಿ ಆಲಿವ್ ಇದೆ. ಅದು ಎಲೆ ಉದುರಿಸದೆ, ಕೆಲಸವನ್ನು ಪೂರ್ತಿ ನಿಲ್ಲಿಸದೆ, ಒಳಗಿನ ಬಿಗಿತ ಭೀಕರವಾಗಿ ಏರಿದರೂ ತಾಳಿಕೊಳ್ಳುತ್ತದೆ. ಈ ಬಿಗಿತವನ್ನು ಮೆಗಾಪಾಸ್ಕಲ್‌ಗಳಲ್ಲಿ ಅಳೆಯುತ್ತಾರೆ. ಒಂದು ಮೆಗಾಪಾಸ್ಕಲ್ ಎಂದರೆ ಸುಮಾರು ಹತ್ತು ವಾಯುಮಂಡಲದ ಒತ್ತಡಕ್ಕೆ ಸಮ. ಬಹುತೇಕ ಬೆಳೆಗಳು ಮಣ್ಣಿನ ಹಿಡಿತ 1.5 ಮೆಗಾಪಾಸ್ಕಲ್ ತಲುಪುವಷ್ಟರಲ್ಲಿ ಚೇತರಿಸಿಕೊಳ್ಳಲಾಗದಂತೆ ಬಾಡುತ್ತವೆ. ಆಲಿವ್ ಸುಮಾರು 2.5ರವರೆಗೂ ಮಣ್ಣಿನಿಂದ ನೀರನ್ನು ಹೀರಬಲ್ಲದು, ಮತ್ತು ತೀವ್ರ ಬರದಲ್ಲಿ ಅದರ ಎಲೆಯೊಳಗಿನ ಬಿಗಿತ 6–7 ಮೆಗಾಪಾಸ್ಕಲ್‌ವರೆಗೆ ಏರಿದ ನಂತರವೂ ನೀರು ಸಿಕ್ಕರೆ ಅದು ಚೇತರಿಸಿಕೊಳ್ಳುತ್ತದೆ. ಎಲೆಯ ಅಡಿಭಾಗದಲ್ಲಿ ಮಾತ್ರ ಪತ್ರರಂಧ್ರಗಳಿದ್ದು, ಅವುಗಳ ಮೇಲೆ ಬೆಳ್ಳಿಬಣ್ಣದ ಹುರುಪೆಗಳ ದಟ್ಟ ಹೊದಿಕೆ ಇರುವುದು ಅದಕ್ಕೆ ನೆರವಾಗುತ್ತದೆ. ಹೊಂಗೆ, ಬೇವು, ಹಿಪ್ಪೆಗಳು ಈ ಎರಡು ತುದಿಗಳ ನಡುವೆ ನಿಲ್ಲುತ್ತವೆ: ಆಳದಲ್ಲಿ ನೀರಿರುವಷ್ಟು ಕಾಲ ಹಸಿರಾಗಿಯೇ ಇದ್ದು, ಅದೂ ದೂರವಾದಾಗ ಎಲೆಯನ್ನು ಉದುರಿಸುತ್ತವೆ.

ಒಣಗುವ ಮಣ್ಣಿನಿಂದ ನೀರನ್ನು ಸೆಳೆಯಲು ಬಿಗಿತವೊಂದೇ ಸಾಲದು, ಕೋಶಗಳು ತಮ್ಮೊಳಗಿನ ನೀರನ್ನೂ ಕಾಪಾಡಿಕೊಳ್ಳಬೇಕು. ಅದಕ್ಕಾಗಿ ಅವು ಪ್ರೋಲೀನ್‌ನಂಥ ಅಮೈನೋ ಆಮ್ಲ, ಸಕ್ಕರೆ, ಆಲಿವ್‌ನಲ್ಲಿ ವಿಶೇಷವಾಗಿ ಮ್ಯಾನಿಟಾಲ್, ಜೊತೆಗೆ ಪೊಟ್ಯಾಸಿಯಂ ಇವನ್ನು ಕೋಶರಸದಲ್ಲಿ ಹೆಚ್ಚಿಸಿಕೊಳ್ಳುತ್ತವೆ. ರಸ ಗಾಢವಾದಷ್ಟೂ ನೀರು ಕೋಶದಲ್ಲಿ ಉಳಿಯುತ್ತದೆ. ಆದರೆ ಈ ಪದಾರ್ಥಗಳೆಲ್ಲ ಬಿಟ್ಟಿ ಬರುವುದಿಲ್ಲ. ಬೆಳವಣಿಗೆಗೂ ಬೀಜಕ್ಕೂ ಹೋಗಬೇಕಾಗಿದ್ದ ಸಕ್ಕರೆಯಲ್ಲಿ ಒಂದು ಪಾಲು ಇದಕ್ಕೆ ಖರ್ಚಾಗುತ್ತದೆ.

ಇಷ್ಟಾದರೂ, ಒಂದು ಮರ ಬರದಲ್ಲಿ ಉಳಿಯುತ್ತದೋ ಇಲ್ಲವೋ ಎಂಬುದನ್ನು ನಿರ್ಧರಿಸುವುದು ಹೆಚ್ಚಾಗಿ ಅದರ ಬೇರು. ಬೀಜದಿಂದ ಹುಟ್ಟಿದ ಬೇವಾಗಲಿ ಹೊಂಗೆಯಾಗಲಿ ಮೊದಲ ವರ್ಷಗಳಲ್ಲಿ ತಾಯಿಬೇರನ್ನು ಇಳಿಸುವುದಕ್ಕೇ ಆದ್ಯತೆ ಕೊಡುತ್ತದೆ. ಮೇಲೆ ಗಿಡ ಕುಳ್ಳಗೆ ಕಂಡರೂ ಕೆಳಗೆ ಕೆಲಸ ನಡೆಯುತ್ತಿರುತ್ತದೆ. ಮೇಲ್ಮಣ್ಣು ಒಣಗಿದ ಮೇಲೂ ಆಳದ ತೇವ ತಿಂಗಳುಗಟ್ಟಲೆ ಉಳಿಯುವುದರಿಂದ, ಅಲ್ಲಿಗೆ ಬೇರು ತಲುಪಿದ ಮರಕ್ಕೆ ಬರ ತಡವಾಗಿ ಬರುತ್ತದೆ. ಕೆಲವು ಮರಗಳು ರಾತ್ರಿ ಪತ್ರರಂಧ್ರ ಮುಚ್ಚಿದ ಹೊತ್ತಿನಲ್ಲಿ ಆಳದ ಬೇರಿನಿಂದ ಏರಿದ ನೀರಿನ ಒಂದಂಶವನ್ನು ಮೇಲಿನ ಒಣಮಣ್ಣಿಗೆ ಬಿಟ್ಟು, ಹಗಲಿನಲ್ಲಿ ಅದನ್ನೇ ಮತ್ತೆ ಹೀರುವುದೂ ಉಂಟು. ಹೊಂಗೆ, ಬೇವುಗಳ ಬೇರಿನೊಂದಿಗೆ ಸಹಬಾಳ್ವೆ ನಡೆಸುವ ಮೈಕೋರೈಜಾ ಶಿಲೀಂಧ್ರಗಳ ಎಳೆಗಳು ಹೀರುಬೇರಿಗಿಂತ ಎಷ್ಟೋ ಪಟ್ಟು ತೆಳುವಾಗಿದ್ದು, ಬೇರು ನುಗ್ಗಲಾರದ ಸಂದುಗಳಿಂದ ನೀರನ್ನೂ ರಂಜಕವನ್ನೂ ತಂದುಕೊಡುತ್ತವೆ. ಹೊಂಗೆ ದ್ವಿದಳ ಜಾತಿಯದಾದ್ದರಿಂದ ಅದರ ಬೇರುಗಂಟುಗಳಲ್ಲಿ ರೈಜೋಬಿಯಂ ಬ್ಯಾಕ್ಟೀರಿಯಾಗಳು ಸಾರಜನಕವನ್ನೂ ಕೂಡಿಸುತ್ತವೆ, ಆದರೆ ಮಣ್ಣು ಒಣಗಿದಾಗ ಈ ಗಂಟುಗಳ ಕೆಲಸ ಬಹುಬೇಗ ಕುಗ್ಗುತ್ತದೆ. ಹಾಗೆಂದು ಬರದ ನಡುವೆ ಸಾರಜನಕ ಗೊಬ್ಬರ ಹಾಕಬೇಡಿ. ಅದರಿಂದ ಹುಟ್ಟುವ ಎಳೆ ಎಲೆಗಳು ಇಲ್ಲದ ನೀರಿಗೆ ಬೇಡಿಕೆ ಹೆಚ್ಚಿಸುತ್ತವೆ.

ನಿಮ್ಮ ಮೂರು ವರ್ಷದ ಗಿಡಗಳಲ್ಲಿ ಕೆಲವು ಬೇಗ ಬೋಳಾಗಿ, ಕೆಲವು ಹಸಿರಾಗಿ ಉಳಿದಿದ್ದರೆ ಅದರ ಕಾರಣವನ್ನೂ ಬೇರಿನಲ್ಲಿಯೇ ಹುಡುಕಬೇಕು. ಪ್ಲಾಸ್ಟಿಕ್ ಚೀಲದಲ್ಲಿ ಹೆಚ್ಚು ಕಾಲ ಉಳಿದ ಸಸಿಯ ತಾಯಿಬೇರು ತಳದಲ್ಲಿ ಸುರುಳಿ ಸುತ್ತಿಕೊಂಡಿರುತ್ತದೆ, ಹಾಗೆಯೇ ನೆಟ್ಟರೆ ಅದು ಆಳಕ್ಕೆ ಇಳಿಯುವುದಕ್ಕೆ ಬದಲಾಗಿ ಗುಂಡಿಯೊಳಗೇ ಸುತ್ತುತ್ತದೆ. ಕೆಳಗೆ ಗಟ್ಟಿಪದರವಿರುವ ಜಾಗದಲ್ಲಿ ಒಳ್ಳೆಯ ಬೇರೂ ಅಡ್ಡಲಾಗಿ ಹರಡಬೇಕಾಗುತ್ತದೆ. ದಿನವೂ ಬುಡಕ್ಕೆ ಸ್ವಲ್ಪ ಸ್ವಲ್ಪ ನೀರು ಹಾಕಿ ಬೆಳೆಸಿದ ಗಿಡದಲ್ಲಿ ಬೇರು ಮೇಲುಪದರದಲ್ಲಿಯೇ ನಿಂತುಬಿಡುತ್ತದೆ. ಆ ಪದರವೇ ಮೊದಲು ಒಣಗುವುದು. ಬರ ತಡೆಯುವ ಗುಣ ಜಾತಿಯಲ್ಲಿ ಇದ್ದರೂ, ಪ್ರತಿ ಗಿಡವೂ ತನ್ನ ಬೇರನ್ನು ಕಟ್ಟಿಕೊಂಡ ನಂತರವೇ ಅದು ಕೈಗೆ ಬರುತ್ತದೆ ಎಂಬುದನ್ನು ಸಸಿ ಕೊಡುವವರು ರೈತರಿಗೆ ಸಾಕಷ್ಟು ಒತ್ತಿ ಹೇಳುವುದಿಲ್ಲ ಎಂಬುದು ನನ್ನ ದೂರು.

ಇನ್ನು ಬೀಜದ ಮಾತು. ಒಂದು ಗ್ರಾಂ ಗ್ಲೂಕೋಸ್‌ನಿಂದ ಸಸ್ಯ ಸುಮಾರು 0.83 ಗ್ರಾಂ ಪಿಷ್ಟವನ್ನು ತಯಾರಿಸಬಲ್ಲದು. ಅದೇ ಗ್ಲೂಕೋಸ್‌ನಿಂದ ಎಣ್ಣೆ ಮಾಡಿದರೆ ಸಿಗುವುದು ಸುಮಾರು 0.33 ಗ್ರಾಂ ಮಾತ್ರ. ಅಂದರೆ ಪ್ರತಿ ಗ್ರಾಂ ಎಣ್ಣೆಯ ಹಿಂದೆ ಮೂರು ಗ್ರಾಂ ಸಕ್ಕರೆ ಇರಬೇಕು, ಮತ್ತು ಆ ಸಕ್ಕರೆ ಪತ್ರರಂಧ್ರಗಳು ತೆರೆದಿರುವ ಎಲೆಯಿಂದ ಬರಬೇಕು. ಹೊಂಗೆ ಬೀಜದ ತೂಕದಲ್ಲಿ ಹೆಚ್ಚುಕಡಿಮೆ ಮೂರನೇ ಒಂದು ಪಾಲು ಎಣ್ಣೆ, ಹಿಪ್ಪೆಯ ಬೇಳೆಯಲ್ಲಿ ಸುಮಾರು ಅರ್ಧದಷ್ಟು. ಹೀಗಿರುವಾಗ ಬರದಲ್ಲಿ ಮರವು ಮೊದಲು ಕೈಬಿಡುವುದು ಬೀಜವನ್ನೇ. ಮೊದಲು ಹೂ ಉದುರುತ್ತದೆ, ಆಮೇಲೆ ಎಳೆಕಾಯಿ ಉದುರುತ್ತದೆ, ಅಷ್ಟಾದರೂ ಸಾಲದೆ ಹೋದರೆ ಉಳಿದ ಕಾಯಿಗಳಿಗೆ ಹೋಗುವ ಆಹಾರ ಕಡಿಮೆಯಾಗುತ್ತದೆ. ನಿಮ್ಮ ಹಳೆಯ ಹೊಂಗೆಯ ಒಂದು ಒಣಕಾಯಿಯನ್ನು ಬಿಡಿಸಿ ನೋಡಿ. ಕಾಯಿಯ ಸಿಪ್ಪೆ ಪೂರ್ಣ ಗಾತ್ರದ್ದಾಗಿಯೇ ಇರುತ್ತದೆ, ಏಕೆಂದರೆ ಅದು ಮೊದಲೇ ಬೆಳೆದು ಮುಗಿದಿರುತ್ತದೆ; ಒಳಗಿನ ಬೀಜ ಮಾತ್ರ ಸುಕ್ಕುಗಟ್ಟಿ, ತೆಳ್ಳಗೆ, ಕೈಯಲ್ಲಿ ಹಗುರವಾಗಿರುತ್ತದೆ. ಎಣ್ಣೆ ತುಂಬುವುದು ಬೀಜದ ಬೆಳವಣಿಗೆಯ ನಡುವಿನ ಮತ್ತು ಕೊನೆಯ ಹಂತಗಳಲ್ಲಿ. ಆ ಹೊತ್ತಿಗೆ ಎಲೆ ಬಾಯಿ ಮುಚ್ಚಿಕೊಂಡಿದ್ದರೆ ಮರ ಬದುಕುತ್ತದೆ, ಬೀಜ ಜೊಳ್ಳಾಗುತ್ತದೆ.

ಈ ಸತ್ಯವನ್ನು ಮರೆತದ್ದರಿಂದಲೇ ಜಟ್ರೋಫಾದ ವಿಷಯದಲ್ಲಿ ಅಷ್ಟು ದೊಡ್ಡ ನಿರಾಶೆಯಾಯಿತು. 2000ದ ದಶಕದಲ್ಲಿ ಏಷ್ಯಾ, ಆಫ್ರಿಕಾಗಳ ಅನೇಕ ದೇಶಗಳಲ್ಲಿ, ನೀರಿಲ್ಲದ ಬಂಜರಿನಲ್ಲೂ ಜೈವಿಕ ಇಂಧನಕ್ಕೆ ಬೇಕಾದಷ್ಟು ಎಣ್ಣೆ ಸಿಗುತ್ತದೆಂಬ ಭರವಸೆಯಲ್ಲಿ ಅದನ್ನು ಬಹಳ ದೊಡ್ಡ ಪ್ರಮಾಣದಲ್ಲಿ ನೆಡಲಾಯಿತು. ಗಿಡಗಳು ಬಹುಮಟ್ಟಿಗೆ ಬದುಕಿದವು, ಬೀಜ ಮಾತ್ರ ನಿರೀಕ್ಷೆಯ ಹತ್ತಿರವೂ ಬರಲಿಲ್ಲ. ಬದುಕುವ ಶಕ್ತಿಯನ್ನೇ ಇಳುವರಿಯ ಶಕ್ತಿ ಎಂದು ಲೆಕ್ಕ ಹಾಕಿದ ಆ ತಪ್ಪನ್ನು ಹೊಂಗೆಯ ವಿಷಯದಲ್ಲೂ ಯಾರೂ ಮಾಡಬಾರದು ಎಂದು ನಾನು ಬಹಳ ಕಾಳಜಿಯಿಂದ ಹೇಳುತ್ತೇನೆ.

ಯಾವ ಸಮಯದ ಬರ ಯಾವ ಮರದ ಬೀಜವನ್ನು ಕೆಡಿಸುತ್ತದೆ ಎಂಬುದೂ ಜಾತಿಯಿಂದ ಜಾತಿಗೆ ಬದಲಾಗುತ್ತದೆ. ಬೇವು ಮತ್ತು ಹಿಪ್ಪೆ ಬೇಸಿಗೆಯಲ್ಲಿ ಹೂ ಬಿಟ್ಟು ಸುಮಾರು ಮೂರು ತಿಂಗಳಲ್ಲಿ, ಮಳೆ ಶುರುವಾಗುವ ಆಸುಪಾಸಿನಲ್ಲಿ, ಹಣ್ಣಾಗುತ್ತವೆ. ಹಿಪ್ಪೆಯಂತೂ ಎಲೆಗಳೆಲ್ಲ ಉದುರಿದ ಕೊಂಬೆಯ ಮೇಲೆಯೇ ಹೂ ಬಿಡುತ್ತದೆ. ಎಲೆ ಉದುರಿದಾಗ ನೀರಿನ ಸೋರಿಕೆ ನಿಂತು, ಆಳದ ಬೇರಿನಿಂದ ಬರುವ ಸ್ವಲ್ಪ ನೀರಿನಿಂದಲೇ ಕಾಂಡ ನಿಧಾನವಾಗಿ ಮತ್ತೆ ತುಂಬಿಕೊಳ್ಳುತ್ತದೆ. ಉರಿಬಿಸಿಲಿನಲ್ಲಿ, ಒಂದು ಹನಿ ಮಳೆ ಬೀಳುವ ಮೊದಲೇ, ಮೊಗ್ಗೂ ಚಿಗುರೂ ಒಡೆಯುವುದು ಈ ಸಂಗ್ರಹದ ಬಲದಿಂದ. ಆದ್ದರಿಂದ ಈ ಎರಡು ಮರಗಳ ಬೀಜ ಹಿಂದಿನ ಮಳೆಗಾಲದಲ್ಲಿ ಆಳಕ್ಕಿಳಿದ ನೀರನ್ನು ಮತ್ತು ಕಾಂಡ, ಬೇರುಗಳಲ್ಲಿ ಕೂಡಿಟ್ಟ ಪಿಷ್ಟವನ್ನು ಅವಲಂಬಿಸಿದೆ. ಹೊಂಗೆಯ ಲೆಕ್ಕ ಬೇರೆ. ಅದು ಬೇಸಿಗೆಯಲ್ಲಿ ಹೂ ಬಿಟ್ಟರೂ ಕಾಯಿ ಮಾಗಲು ಹತ್ತು ತಿಂಗಳ ಹತ್ತಿರ ಬೇಕು. ಮಳೆಗಾಲವನ್ನೂ ಅದರ ನಂತರದ ಒಣಹವೆಯನ್ನೂ ಕಾಯಿ ಮರದ ಮೇಲೆಯೇ ಕಳೆಯುತ್ತದೆ. ಹಾಗಾಗಿ ಮಳೆ ಬೇಗ ನಿಂತ ವರ್ಷ ಹೊಂಗೆಗೆ ಹೆಚ್ಚು ನಷ್ಟ, ಅದರ ಪರಿಣಾಮ ಬೇವು, ಹಿಪ್ಪೆಗಳಲ್ಲಿ ಕಾಣುವುದು ಮುಂದಿನ ಬೇಸಿಗೆಯಲ್ಲಿ. ಈ ವರ್ಷ ನಿಮ್ಮಲ್ಲಿ ಮಳೆ ಕಡಿಮೆಯಾಗಿದ್ದರೆ ಬರುವ ಬೇಸಿಗೆಯ ಬೇವಿನ ಬೀಜವನ್ನು ಹೆಚ್ಚು ನೆಚ್ಚಿಕೊಳ್ಳಬೇಡಿ.

ಈಗ ಮಾಡಬೇಕಾದದ್ದನ್ನು ನೋಡೋಣ. ಬೋಳಾದ ಗಿಡಕ್ಕೆ ದಿನವೂ ಬಿಂದಿಗೆ ನೀರು ಸುರಿಯುವುದರಿಂದ ಪ್ರಯೋಜನವಿಲ್ಲ, ಎಲೆಯಿಲ್ಲದ ಗಿಡ ನೀರನ್ನು ಬಳಸುವುದೇ ಬಹಳ ಕಡಿಮೆ. ತೊಗಟೆಯಲ್ಲಿ ಹಸಿರಿರುವ ಗಿಡಗಳ ಮೊಗ್ಗುಗಳನ್ನು ವಾರಕ್ಕೊಮ್ಮೆ ಗಮನಿಸಿ, ಅವು ಉಬ್ಬತೊಡಗಿದಾಗ ಒಮ್ಮೆ ಆಳಕ್ಕೆ ಇಳಿಯುವಷ್ಟು ನೀರು ಕೊಡಿ. ಎಷ್ಟು ಇಳಿಯಿತೆಂಬುದನ್ನು ತಿಳಿಯಲು ಮರುದಿನ ಒಂದು ತೆಳುವಾದ ಕಬ್ಬಿಣದ ಸರಳನ್ನು ನೆಲಕ್ಕೆ ಒತ್ತಿ ನೋಡಿ. ತೇವವಿರುವಷ್ಟು ಆಳಕ್ಕೆ ಅದು ಸಲೀಸಾಗಿ ಇಳಿದು, ಒಣಮಣ್ಣು ಸಿಕ್ಕಲ್ಲಿ ನಿಲ್ಲುತ್ತದೆ. ಅರ್ಧ ಮೀಟರಿನವರೆಗೆ ಇಳಿದರೆ ಸಾಕು. ನೀರನ್ನು ಕಾಂಡಕ್ಕೆ ತಾಗಿಸದೆ, ಕೊಂಬೆಗಳ ಹರವಿನ ಅಂಚಿನಲ್ಲಿ ಪಾತಿ ಮಾಡಿ ಕೊಡಿ. ಅದರ ಮೇಲೆ ಒಣ ಎಲೆ, ಹುಲ್ಲು, ತರಗುಗಳ ದಪ್ಪ ಹೊದಿಕೆ ಹಾಕಿ, ಆದರೆ ಬುಡದ ಸುತ್ತ ಒಂದು ಗೇಣು ಜಾಗ ಖಾಲಿ ಬಿಡಿ, ಇಲ್ಲದಿದ್ದರೆ ಗೆದ್ದಲು ತೊಗಟೆಗೆ ಏರುತ್ತದೆ. ನೀರಿಲ್ಲದೆ ಸೊರಗಿದ ಮರಕ್ಕೆ ಗೆದ್ದಲು, ಕಾಂಡಕೊರಕ ಹುಳುಗಳ ಕಾಟ ಬೇಗ ತಗಲುತ್ತದೆ. ಸುತ್ತ ಒಂದು ಮೀಟರಿನಲ್ಲಿ ಹುಲ್ಲು ಬೆಳೆಯದಂತೆ ನೋಡಿಕೊಳ್ಳಿ. ಎಳೆ ಗಿಡದ ಬೇರಿಗೂ ಹುಲ್ಲಿಗೂ ನೀರಿನ ಪೈಪೋಟಿ ನಡೆಯುವುದು ಒಂದೇ ಪದರದಲ್ಲಿ.

ಒಣಗಿದ ತುದಿಗಳನ್ನು ಈಗಲೇ ಕತ್ತರಿಸಬೇಡಿ. ಚಿಗುರು ಯಾವ ಗೆಣ್ಣಿನಿಂದ ಬರುತ್ತದೆಂದು ಕಂಡ ಮೇಲೆ ಅದರ ಸ್ವಲ್ಪ ಮೇಲೆ ಕತ್ತರಿಸಿದರೆ ಜೀವಂತ ಕೊಂಬೆ ವ್ಯರ್ಥವಾಗುವುದಿಲ್ಲ. ಬುಡದಿಂದ ಹಲವು ಚಿಗುರು ಬಂದರೆ ಗಟ್ಟಿಯಾದ ಒಂದನ್ನು ಉಳಿಸಿ ಉಳಿದವನ್ನು ಕ್ರಮೇಣ ತೆಗೆಯಿರಿ. ಗೊಬ್ಬರ ಕೊಡುವುದು ಮಳೆ ಹಿಡಿದು ಹೊಸ ಎಲೆ ಬಲಿತ ಮೇಲೆ. ಆಗಲೂ ಕೊಟ್ಟಿಗೆ ಗೊಬ್ಬರದ ಜೊತೆ ಪೊಟ್ಯಾಷ್ ಸೇರಿಸುವುದು ಒಳ್ಳೆಯದು, ಪತ್ರರಂಧ್ರಗಳ ಕೆಲಸಕ್ಕೂ ಕೋಶರಸದ ಗಾಢತೆಗೂ ಪೊಟ್ಯಾಸಿಯಂ ಬೇಕು ಎಂಬುದನ್ನು ಮೇಲೆ ಹೇಳಿದ್ದೇನೆ.

ಹಳೆಯ ಮರಗಳಿಗೆ ನೀರು ಕೊಡುವ ಅನುಕೂಲ ನಿಮಗೆ ಸ್ವಲ್ಪವೇ ಇದ್ದರೂ ಅದನ್ನು ವರ್ಷಪೂರ್ತಿ ಹಂಚಬೇಡಿ. ಆಲಿವ್ ಬೆಳೆಗಾರರು ಇದರಲ್ಲಿ ಬಹಳ ಮುಂದಿದ್ದಾರೆ: ಕಾಯಿಯ ಓಟೆ ಗಟ್ಟಿಯಾಗುವ ಹಂತದಲ್ಲಿ ಮರ ನೀರಿನ ಕೊರತೆಯನ್ನು ಚೆನ್ನಾಗಿ ತಾಳುತ್ತದೆಂದು ತಿಳಿದು ಆಗ ನೀರನ್ನು ಬಹಳಷ್ಟು ಕಡಿತಗೊಳಿಸುತ್ತಾರೆ, ಹೂ ಮತ್ತು ಕಾಯಿ ಕಟ್ಟುವಾಗ, ಆಮೇಲೆ ಎಣ್ಣೆ ತುಂಬುವಾಗ ಮಾತ್ರ ಕೈಬಿಗಿ ಮಾಡುವುದಿಲ್ಲ. ಹೊಂಗೆಗೂ ಅದೇ ತರ್ಕ ಹೊಂದುತ್ತದೆ ಎಂಬುದು ನನ್ನ ಅಭಿಪ್ರಾಯ: ಹೂಗೊಂಚಲು ಬಿಟ್ಟಾಗ ಒಮ್ಮೆ, ಮಳೆ ನಿಂತ ಮೇಲೆ ಬೀಜ ತುಂಬುವ ಕಾಲದಲ್ಲಿ ಒಂದೆರಡು ಬಾರಿ ಆಳವಾಗಿ ನೀರು ಸಿಕ್ಕರೆ ಜೊಳ್ಳು ಕಡಿಮೆಯಾಗುತ್ತದೆ. ನೀರಿನ ಮೂಲವೇ ಇಲ್ಲದಿದ್ದರೆ ಮಳೆಗಾಲಕ್ಕೆ ಮುಂಚೆ ಬದುವಿನ ಮೇಲ್ಭಾಗದಲ್ಲಿ ಇಳಿಜಾರಿಗೆ ಅಡ್ಡಲಾಗಿ ಕಾಲುವೆ ತೋಡಿ, ಹರಿದುಹೋಗುವ ನೀರು ಅಲ್ಲಿಯೇ ಇಂಗುವಂತೆ ಮಾಡಿ. ಬೇವಿನ ಬುಡದಲ್ಲಿ ಮಾತ್ರ ನೀರು ನಿಲ್ಲಬಾರದು. ಬರವನ್ನು ತಾಳುವ ಆ ಮರ ನಿಂತ ನೀರನ್ನು ತಾಳುವುದಿಲ್ಲ.

ಯಾವ ಗಿಡವನ್ನು ಬದಲಿಸಬೇಕೆಂಬ ತೀರ್ಮಾನವನ್ನು ಮುಂದಿನ ಮಳೆಗಾಲದಲ್ಲಿ ಒಳ್ಳೆಯ ಮಳೆಯಾಗಿ ಒಂದೂವರೆ ಎರಡು ತಿಂಗಳು ಕಳೆಯುವವರೆಗೆ ಮುಂದೂಡಿ. ಅಷ್ಟರಲ್ಲಿ ಬುಡದಿಂದಲೂ ಚಿಗುರದ ಗಿಡವನ್ನು ಕೀಳುವಾಗ ಅದರ ಬೇರನ್ನು ತೊಳೆದು ನೋಡಿ. ತಾಯಿಬೇರು ಸುರುಳಿ ಸುತ್ತಿದ್ದರೆ ಮುಂದಿನ ಸಸಿಯನ್ನು ಚೀಲದಲ್ಲಿ ಹೆಚ್ಚು ಕಾಲ ಇಡದೆ ನೆಡಬೇಕು, ಅಥವಾ ಆ ಜಾಗದಲ್ಲಿಯೇ ಹೊಸ ಬೀಜ ಬಿತ್ತಬೇಕು. ಬೇರು ಗಟ್ಟಿಪದರಕ್ಕೆ ತಾಗಿ ಅಡ್ಡ ತಿರುಗಿದ್ದರೆ ಅದೇ ಗುಂಡಿಯನ್ನು ಆ ಪದರ ಒಡೆಯುವಷ್ಟು ಆಳಕ್ಕೆ ತೋಡಿದ ನಂತರವೇ ಮತ್ತೊಂದು ಗಿಡ ಇಡಿ.